ಕುಕ್ಕರಿನಲ್ಲಿ ಬೆಂದ ಸ್ಲೈಡುಗಳು

ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ಸೋಡಿಯಂ ಪಂಪು ಇಲ್ಲವಂತೆ! ಹಾಗಂತ ನನ್ನ ಪಿಎಚ್.ಡಿ. ಗೈಡು ತೀರ್ಪು ಕೊಟ್ಟುಬಿಟ್ಟರು. ಸೋಡಿಯಮ್ಮನ್ನು ಹೊರಕ್ಕೆ ದಬ್ಬಿ ಪೊಟ್ಯಾಸಿಯಮ್ಮನ್ನು ಒಳಕ್ಕೆ ಎಳೆದುಕೊಳ್ಳುವ ಆ ಪ್ರೋಟೀನಿಲ್ಲದೆ ಜೀವಕೋಶ ಬದುಕುವುದಾದರೂ ಹೇಗೆ? ಆದರೆ ನನ್ನ ಸ್ಲೈಡುಗಳೇ ನನಗೆ ಕೈಕೊಟ್ಟಿದ್ದವು. ಪಂಪನ್ನು ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿ ಹಾಕಿದರೆ, ಅದು ಅಂಟಿದ ಕಡೆ ಕಂದು ಬಣ್ಣ ಏಳಬೇಕು. ನಾಯಿಯ ಮೂತ್ರಪಿಂಡದಲ್ಲಿ ಚೆನ್ನಾಗಿಯೇ ಏಳುತ್ತಿತ್ತು. ಪ್ರಾಸ್ಟೇಟ್ ಮಾತ್ರ ಜಪ್ಪಯ್ಯ ಅಂದರೂ ಬಣ್ಣ ಹಿಡಿಯಲಿಲ್ಲ.

"ಸಾಕು ಬಿಡಮ್ಮ. ಈ ವಾರವೂ ಬರ್ಲಿಲ್ಲ ಅಂದ್ರೆ ವಿಷಯ ಬದಲಾಯಿಸು," ಅಂದರು ಗೈಡು.

ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಆ ಸಿಟ್ಟಿನಲ್ಲೇ, ಅಂಗಗಳು ಕೊಳೆಯದಂತೆ ನೆನೆಹಾಕುವ ಫಾರ್ಮಲಿನ್ ಜಾಡಿಯನ್ನು ದಿಟ್ಟಿಸುತ್ತಿದ್ದಾಗ ತಲೆಗೆ ಹೊಳೆಯಿತು. ಪ್ರಾಸ್ಟೇಟ್ ಸಿಗುವುದು ಅಪರೂಪ. ಜಾಡಿ ತುಂಬುವವರೆಗೆ ಅದನ್ನು ಕೊಯ್ಯದಿರುವುದು ನಮ್ಮ ಲ್ಯಾಬಿನ ಪದ್ಧತಿ. ಮೂತ್ರಪಿಂಡ ಒಂದು ದಿನ ನೆನೆದರೆ ಇದು ತಿಂಗಳುಗಟ್ಟಲೆ ನೆನೆದಿತ್ತು. ಫಾರ್ಮಲಿನ್ ಪ್ರೋಟೀನುಗಳನ್ನು ಬಿಗಿದು ಹಾಕಿದ ಮೇಲೆ ಆಂಟಿಬಾಡಿ ಪಾಪ ಎಲ್ಲಿ ನುಗ್ಗೀತು? ಆ ಬಿಗಿ ಸಡಿಲಾಗಬೇಕಾದರೆ ಸ್ಲೈಡುಗಳನ್ನು ಸಿಟ್ರೇಟ್ ದ್ರಾವಣದಲ್ಲಿ ಬೇಯಿಸಬೇಕು.

ಅತ್ತಿಗೆಯ ಹತ್ತಿರ ಕುಕ್ಕರ್ ಕೇಳಿದೆ.

"ಯಾತಕ್ಕೆ?"

"ನಾಯಿ ಪ್ರಾಸ್ಟೇಟ್ ಬೇಯಿಸಕ್ಕೆ."

ಅತ್ತಿಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತಗೊಂಡು ಹೋಗು ಮಾರಾಯ್ತಿ. ಅದನ್ನ ವಾಪಸ್ ತಂದ್ಯೋ, ಕುಕ್ಕರೂ ಹೊರಗೆ, ನೀನೂ ಹೊರಗೆ."

ಲ್ಯಾಬಿನಲ್ಲಿ ಕುಕ್ಕರ್ ಕೂಗಿತು. ಸ್ಲೈಡುಗಳು ತಣ್ಣಗಾದ ಮೇಲೆ ಆಂಟಿಬಾಡಿ ಹಾಕಿದೆ, ಬಣ್ಣದ ದ್ರಾವಣ ಹಾಕಿದೆ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಗ್ರಂಥಿಯ ಒಂದೊಂದು ಕೋಶದ ಬುಡಕ್ಕೂ ಪಕ್ಕಕ್ಕೂ ಅಚ್ಚುಕಟ್ಟಾದ ಕಂದು ಗೆರೆ! ಕುಣಿದುಬಿಡೋಣ ಅನ್ನಿಸಿತು, ಕುಣಿದೆ ಕೂಡ.

ಗೈಡು ಬಂದು ನೋಡಿ ಮೂಗು ಮುರಿದರು. "ಬೇಯಿಸಿದ್ದಕ್ಕೇ ಕಂದಾಗಿದೆ. ಸೀದಿರೋದನ್ನ ಪಂಪು ಅಂತೀಯಲ್ಲ."

ನಾನು ಇನ್ನೊಂದು ಸ್ಲೈಡು ಇಟ್ಟೆ. ಅದೇ ನಾಯಿ, ಅದೇ ಗ್ರಂಥಿ, ಅದೇ ಕುಕ್ಕರು. ಪಂಪು ಹುಡುಕುವ ಆಂಟಿಬಾಡಿಯೊಂದನ್ನು ಮಾತ್ರ ಹಾಕಿರಲಿಲ್ಲ. ಕಂದು ಬಣ್ಣದ ಸುಳಿವೇ ಇರಲಿಲ್ಲ.

ಗೈಡು ಮೊದಲಿನದನ್ನು ನೋಡಿದರು, ಎರಡನೆಯದನ್ನು ನೋಡಿದರು, ಮತ್ತೆ ಮೊದಲಿನದಕ್ಕೆ ಬಂದರು. ಆಮೇಲೆ ಏಳಲೇ ಇಲ್ಲ.

"ಇದೆ ಕಣಮ್ಮ," ಅಂದರು ಕೊನೆಗೆ, ಕಣ್ಣು ತೆಗೆಯದೆ. "ಎಲ್ಲ ಕಡೆನೂ ಇದೆ."

"ಗೊತ್ತು ಸರ್. ಸ್ವಲ್ಪ ಜರುಗಿ, ನಾನಿನ್ನೂ ಕಣ್ತುಂಬ ನೋಡಿಲ್ಲ."