ಅಕ್ಕ ತೋರಿಸಿದ ಜಾಗ

ಸಮೀಕ್ಷೆಯ ದೋಣಿಗೆ ನಮ್ಮ ಕಡೆಯವರು ಒಬ್ಬರು ಹೋಗಲೇಬೇಕು ಎಂದು ಮೀನುಗಾರರ ಸಂಘ ತೀರ್ಮಾನಿಸಿದಾಗ ಯಾರೂ ಅಕ್ಕನ ಮುಖ ನೋಡಲಿಲ್ಲ. ಒಬ್ಬರು ಫ್ಯಾನ್ ನೋಡಿದರು, ಒಬ್ಬರು ಚಪ್ಪಲಿ ನೋಡಿಕೊಂಡರು. ಎಲ್ಲರ ಮನಸ್ಸಿನಲ್ಲೂ ಇದ್ದದ್ದು ಮಾತ್ರ ಅವಳೇ. ಅಪ್ಪ ಹೋದ ಮೇಲೆ ಅವನ ದೋಣಿಯನ್ನು ತಾನೇ ನಡೆಸುತ್ತಿದ್ದ ಅವಳನ್ನು ದೋಣಿಗಳು ನಿಲ್ಲುವ ದಕ್ಕೆಯಲ್ಲಿ ವಯಸ್ಸಾದವರೂ ಅಕ್ಕ ಎಂದೇ ಕರೆಯುತ್ತಿದ್ದರು. ಸಮೀಕ್ಷೆ ನಡೆಸುವ ವಿಜ್ಞಾನಿಗೂ ಅವಳು ಅಕ್ಕನೇ, ಒಡಹುಟ್ಟಿದ ಅಕ್ಕ. ತೊಡಕಿದ್ದದ್ದು ಅಲ್ಲೇ.

ಮೀನು ಮೊಟ್ಟೆಯಿಡುವುದು ಸಮುದ್ರದಲ್ಲಾದರೂ ಎಷ್ಟೋ ಜಾತಿಯ ಮರಿಗಳು ಉಬ್ಬರದ ನೀರಿನ ಜೊತೆ, ನದಿ ಸಮುದ್ರ ಸೇರುವ ಅಳಿವೆಯೊಳಗೆ ಬಂದು, ಅಲ್ಲಿನ ಆಳವಿಲ್ಲದ ನೀರಿನಲ್ಲಿ ಬೆಳೆಯುತ್ತವೆ. ವರ್ಷಕ್ಕೊಮ್ಮೆ ತಂಗಿಯ ದೋಣಿ ಅಳಿವೆಯ ಗೊತ್ತುಪಡಿಸಿದ ಜಾಗಗಳಲ್ಲಿ ಸಣ್ಣ ಕಣ್ಣಿನ ಬಲೆ ಎಳೆದು ಆ ಮರಿಗಳನ್ನು ಎಣಿಸಿ, ಅಳೆದು, ಮತ್ತೆ ನೀರಿಗೆ ಬಿಡುತ್ತಿತ್ತು. ಕೆಲವು ವರ್ಷಗಳ ಹಿಂದೆ ಚಪ್ಪಟೆ ಮೀನಿನ ಮರಿಗಳು ತೀರಾ ಕಡಿಮೆಯಾಗಿವೆ ಎಂದು ಅವಳು ವರದಿ ಕೊಟ್ಟಳು. ಸರ್ಕಾರ ಅಳಿವೆಯ ಒಳಭಾಗದಲ್ಲಿ ಬಲೆ ಹಾಕುವುದನ್ನು ನಿಲ್ಲಿಸಿತು. ಚಿಕ್ಕ ದೋಣಿಗಳವರು ಅಲೆಗೆ ಎದೆಯೊಡ್ಡಿ ಹೊರ ಸಮುದ್ರಕ್ಕೆ ಹೋಗಬೇಕಾಯಿತು. ಅಕ್ಕನದೂ ಚಿಕ್ಕ ದೋಣಿಯೇ.

ಆಗ ನಡೆದ ಸಭೆಯಲ್ಲಿ ಅಕ್ಕ ಎದ್ದು ನಿಂತು, ನಾಲ್ಕು ಅಕ್ಷರ ಕಲಿತವರಿಗೆ ಕಣ್ಣು ನೆತ್ತಿಗೇರಿದೆ, ಹುಟ್ಟಿದ ದಕ್ಕೆಯೂ ಕಾಣುತ್ತಿಲ್ಲ ಎಂದಿದ್ದಳು. ತಂಗಿ ಎದುರು ಸಾಲಿನಲ್ಲೇ ಕೂತಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅಮ್ಮನ ಮನೆಗೆ ಒಬ್ಬಳು ಬರುವ ದಿನ ಇನ್ನೊಬ್ಬಳು ಬರುತ್ತಿರಲಿಲ್ಲ.

"ಅವರು ಮೀನಿಲ್ಲದ ಕಡೆ ಬಲೆ ಹಾಕಿ ಮೀನಿಲ್ಲ ಅಂತಾರೆ" ಎಂಬುದು ಸಂಘದ ದೂರು. ಆ ಮಾತನ್ನು ಮೊದಲು ಆಡಿದವಳೂ ಅಕ್ಕನೇ ಆದ್ದರಿಂದ ಈಗ ನುಣುಚಿಕೊಳ್ಳಲು ದಾರಿಯಿರಲಿಲ್ಲ.

"ಹೋಗ್ತೀನಿ ಬಿಡಿ. ಫ್ಯಾನ್ ಎಲ್ಲಿಗೂ ಹೋಗಲ್ಲ, ಅದನ್ನ ನೋಡಿದ್ದು ಸಾಕು" ಎಂದಳು.

ಸಮೀಕ್ಷೆಯ ದಿನ ಬೆಳಿಗ್ಗೆ ಅವಳು ದಕ್ಕೆಗೆ ಬರುವಷ್ಟರಲ್ಲಿ ದೋಣಿ ಸಿದ್ಧವಾಗಿತ್ತು. ಹಿಂಭಾಗದಲ್ಲಿ ಬಲೆ ಎಳೆಯುವ ಯಂತ್ರ, ಅದರ ಪಕ್ಕ ನೀರು ತುಂಬಿದ ತೊಟ್ಟಿಗಳು, ಒಳಗೆ ಒಂದು ಪುಟ್ಟ ಕೋಣೆ. ಕೋಣೆಯ ಮೇಜಿಗೆ ಅಂಚುಪಟ್ಟಿ ಹೊಡೆದಿದ್ದರು, ದೋಣಿ ವಾಲಿದರೂ ತಟ್ಟೆ ಜಾರದಂತೆ. ಚುಕ್ಕಾಣಿ ಹಿಡಿದ ಕ್ಯಾಪ್ಟನ್ ಒಂದು ಪದದಲ್ಲಿ ಮುಗಿಯುವ ಕಡೆ ಎರಡನೆಯದನ್ನು ಖರ್ಚು ಮಾಡದ ಹಿರಿಯ. ಬಲೆಯ ಕೆಲಸಕ್ಕಿದ್ದ ಗುಂಡಣ್ಣ ಹೆಸರಿಗೆ ಮಾತ್ರ ಗುಂಡಣ್ಣ, ಆಳು ಕಡ್ಡಿಯಂತಿದ್ದ. ಕ್ಯಾಪ್ಟನ್ ಉಳಿಸಿದ ಮಾತನ್ನೆಲ್ಲ ಅವನು ಆಡುತ್ತಿದ್ದ.

ತಂಗಿ ಕಿತ್ತಳೆ ಬಣ್ಣದ ಜೀವರಕ್ಷಕ ಜಾಕೆಟ್ ಒಂದನ್ನು ಅಕ್ಕನ ಕಡೆ ಚಾಚಿದಳು. "ಇದನ್ನ ಹಾಕ್ಕೋ."

"ನಂಗೆ ಈಜು ಬರುತ್ತೆ."

"ಗೊತ್ತು. ನಂಗೆ ಕಲಿಸಿದ್ದೇ ನೀನು. ಆದ್ರೂ ಹಾಕ್ಕೋ."

ಅಷ್ಟು ವರ್ಷಗಳ ಮೇಲೆ ಇಬ್ಬರೂ ಆಡಿದ ಮೊದಲ ಮಾತು ಇದು. ಅಕ್ಕ ಜಾಕೆಟ್ ಹಾಕಿಕೊಂಡು ಹಿಂಭಾಗಕ್ಕೆ ಹೋಗಿ ನಿಂತಳು.

ಮೊದಲ ಜಾಗದಲ್ಲಿ ಕ್ಯಾಪ್ಟನ್ ವೇಗ ಇಳಿಸಿದ. ಗುಂಡಣ್ಣ ಬಲೆ ಬಿಟ್ಟ. ಹಗ್ಗ ನೀರಿಗಿಳಿಯುತ್ತಾ ಹೋಗಿ ಬಿಗಿಯಾಯಿತು. ಅಕ್ಕ ಪರೀಕ್ಷೆಯ ಕೋಣೆಯಲ್ಲಿ ಕಾವಲು ನಿಂತವಳಂತೆ ಎಲ್ಲವನ್ನೂ ನೋಡುತ್ತಿದ್ದಳು.

"ಬಲೆ ತಳ ಮುಟ್ಟಿಲ್ಲ" ಎಂದಳು.

"ಮುಟ್ಟಿದೆ" ಎಂದ ಕ್ಯಾಪ್ಟನ್.

ಅವಳು ಬಗ್ಗಿ ಹಗ್ಗದ ಮೇಲೆ ಅಂಗೈಯಿಟ್ಟಳು. ಬಲೆಯ ಸರಪಳಿ ಮರಳನ್ನು ಕೆರೆಯುತ್ತಾ ಬರುವ ಗುರುಗುರು ಕೈಗೆ ಹತ್ತಿತು. ಕೈ ತೆಗೆದಳು. ಗುಂಡಣ್ಣ ನಗು ಬಂದದ್ದನ್ನು ಕೆಮ್ಮಿನಲ್ಲಿ ಮುಚ್ಚಿದ.

ಮೇಲೆ ಬಂದದ್ದನ್ನು ತೊಟ್ಟಿಗೆ ಸುರಿದರು. ಎಲೆ, ಕಡ್ಡಿ, ಸಿಗಡಿ, ಕೋಪ ಬಂದ ಒಂದಿಷ್ಟು ಏಡಿಗಳು. ಅವುಗಳ ನಡುವೆ ಹೆಬ್ಬೆರಳಿನ ಉಗುರಿನಷ್ಟಗಲದ ಮರಿಗಳು. ತಂಗಿ ಒದ್ದೆ ಬೆರಳಿನಿಂದ ಒಂದೊಂದನ್ನೇ ಎತ್ತಿ ಅಳತೆಯ ಹಲಗೆಯ ಮೇಲಿಟ್ಟು, ಉದ್ದ ಹೇಳಿ, ಬೇರೆ ನೀರಿಗೆ ಬಿಡುತ್ತಿದ್ದಳು. ಚಿಕ್ಕಂದಿನಲ್ಲಿ ಯಾವುದನ್ನು ಮುಟ್ಟಿದರೂ ಬೀಳಿಸುತ್ತಿದ್ದ ಹುಡುಗಿಯ ಕೈ ಇಷ್ಟು ಹಗುರವಾದದ್ದು ಯಾವಾಗ ಎಂದು ಅಕ್ಕನಿಗೆ ಅಚ್ಚರಿಯಾಯಿತು.

"ಇಲ್ಲಿ ಬಾ, ಇದನ್ನ ನೋಡು" ಎಂದು ತಂಗಿ ಗಾಜಿನ ಬಟ್ಟಲೊಂದನ್ನು ಮುಂದಿಟ್ಟಳು.

ಅದರಲ್ಲಿದ್ದ ಮರಿ ಗಾಜಿನ ಚೂರಿನಂತಿತ್ತು, ಆಚೆಗಿನ ಬೆಳಕು ಅದರ ಮೈಯೊಳಗಿಂದ ಕಾಣುತ್ತಿತ್ತು. ಚಪ್ಪಟೆ ಮೀನು ಹುಟ್ಟುವಾಗ ಉಳಿದ ಮೀನುಗಳಂತೆಯೇ ಎರಡು ಕಡೆ ಎರಡು ಕಣ್ಣು ಇಟ್ಟುಕೊಂಡು ನೆಟ್ಟಗೆ ಈಜುತ್ತದೆ. ಬೆಳೆಯುತ್ತಾ ಒಂದು ಕಣ್ಣು ಮೆಲ್ಲಗೆ ತಲೆ ದಾಟಿ ಇನ್ನೊಂದರ ಪಕ್ಕಕ್ಕೆ ಬರುತ್ತದೆ. ಆಮೇಲೆ ಅದು ಮಗ್ಗುಲಾಗಿ ತಳದಲ್ಲಿ ಮಲಗುತ್ತದೆ. ಈ ಮರಿಯ ಕಣ್ಣು ಅರ್ಧ ದಾರಿಯಲ್ಲಿತ್ತು.

"ಸಾವಿರಗಟ್ಟಲೆ ಮೀನು ಹಿಡಿದಿದ್ದೀನಿ. ಹೀಗೆ ಎಂದೂ ನೋಡಿಲ್ಲ" ಎಂದಳು ಅಕ್ಕ.

"ನಿನ್ನ ಬಲೆಯಲ್ಲಿ ಇಷ್ಟು ಸಣ್ಣದು ನಿಲ್ಲಲ್ಲ, ಅದಕ್ಕೆ." ತಂಗಿ ತಲೆಯೆತ್ತಲಿಲ್ಲ. "ಕಣ್ಣು ನೆತ್ತಿಗೇರಿದೆ ಅಂತ ಸಭೆಯಲ್ಲಿ ಹೇಳಿದ್ಯಲ್ಲ. ಇದಕ್ಕೆ ನಿಜವಾಗ್ಲೂ ಏರಿದೆ."

ಅಕ್ಕನ ಬಾಯಿಯ ತುದಿ ಅದುರಿತು. ತಡೆಯಬೇಕೆಂದುಕೊಂಡಳು, ಆಗಲಿಲ್ಲ. ಮೊದಲು ನಕ್ಕವಳು ಅವಳೇ. ತಂಗಿಯೂ ನಕ್ಕಳು. ಯಾಕೆಂದು ತಿಳಿಯದಿದ್ದರೂ ಗುಂಡಣ್ಣನೂ ಸೇರಿಕೊಂಡ.

ಅದೇ ಹೊತ್ತಿಗೆ ತಂಗಿಯ ಫೋನು ಬಡಿದುಕೊಂಡಿತು. ಅಮ್ಮ. ತಂಗಿಯ ಕೈ ಒದ್ದೆಯಿದ್ದುದರಿಂದ ಅಕ್ಕನೇ ಎತ್ತಿ, "ಏನಮ್ಮಾ?" ಎಂದಳು.

"ನಾನು ಚಿಕ್ಕವಳಿಗೆ ತಾನೆ ಮಾಡಿದ್ದು?"

"ಅವಳಿಗೇ ಮಾಡಿದ್ದೀಯ. ಕೈ ಖಾಲಿಯಿಲ್ಲ ಅವಳದ್ದು."

"ನೀನು ಅಲ್ಲೇನು ಮಾಡ್ತಿದ್ದೀಯ?"

"ಅವಳು ಸರಿಯಾಗಿ ಎಣಿಸ್ತಾಳಾ ಅಂತ ನೋಡ್ತಿದ್ದೀನಿ."

"ಎಣಿಸ್ತಾಳೆ ಬಿಡು. ಇಬ್ಬರೂ ತಿಂಡಿ ತಿಂದಿರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಅಮ್ಮ ಫೋನಿಟ್ಟಳು. ಅಳುವ ಮೊದಲು ಫೋನಿಡುವುದು ಅವಳ ರೂಢಿ. ಅದು ಮಕ್ಕಳಿಬ್ಬರಿಗೂ ಗೊತ್ತಿತ್ತು.

ಮಧ್ಯಾಹ್ನದವರೆಗೆ ಒಂದಾದ ಮೇಲೊಂದು ಜಾಗದಲ್ಲಿ ಬಲೆ ಎಳೆದರು. ಹೋದ ವರ್ಷಕ್ಕಿಂತ ಮರಿಗಳು ಸ್ವಲ್ಪ ವಾಸಿ, ಆದರೆ ನೆಮ್ಮದಿ ಪಡುವಷ್ಟಲ್ಲ. ಊಟದ ಡಬ್ಬಿ ಬಿಚ್ಚಿದಾಗ ಅಕ್ಕ ಇಡೀ ಬೆಳಿಗ್ಗೆ ಹಿಡಿದಿಟ್ಟುಕೊಂಡಿದ್ದ ಪ್ರಶ್ನೆ ಕೇಳಿದಳು.

"ಪ್ರತಿ ಸಲ ಇವೇ ಜಾಗ ಯಾಕೆ?"

"ಮಗುವಿನ ಎತ್ತರ ನೋಡೋಕೆ ಪ್ರತಿ ಹುಟ್ಟುಹಬ್ಬಕ್ಕೂ ಅದೇ ಗೋಡೆಗೆ ನಿಲ್ಲಿಸಿ ಗೆರೆ ಎಳೀತಾರಲ್ಲ, ಹಾಗೆ. ಗೋಡೆ ಬದಲಾಯಿಸಿದ್ರೆ ಬೆಳೆದಿದೆಯೋ ಇಲ್ವೋ ಗೊತ್ತಾಗಲ್ಲ."

"ಮಗು ಈ ಗೋಡೆ ಬಿಟ್ಟು ಬೇರೆ ಗೋಡೆ ಹತ್ತಿರ ಹೋಗಿ ಕೂತಿದ್ರೆ?"

ತಂಗಿ ತುತ್ತು ಕೆಳಗಿಟ್ಟಳು. "ಆಗಿರಬಹುದು. ಎಲ್ಲಿ ಕೂತಿದೆ ಅಂತೀಯ?"

"ಹಳೇ ದೋಣಿ ದುರಸ್ತಿ ಅಂಗಳದ ಹಿಂದೆ, ಆ ತಿರುವಿನಲ್ಲಿ. ಅಪ್ಪ ನನ್ನ ಅಲ್ಲಿಗೆ ಕರ್ಕೊಂಡು ಹೋಗ್ತಿದ್ದ. ಇಳಿತದ ನೀರಲ್ಲಿ ಕಾಲಿಟ್ರೆ ಮರಿಗಳು ಪಾದದ ಕೆಳಗಿಂದ ಚದುರಿ ಓಡ್ತಿದ್ವು. ನೀನಾಗ ಇನ್ನೂ ಅಮ್ಮನ ಸೆರಗು ಬಿಟ್ಟಿರಲಿಲ್ಲ."

"ಲೆಕ್ಕಕ್ಕೆ ಸೇರಿಸೋಕೆ ಆಗಲ್ಲ. ಆದ್ರೆ ನಮ್ಮ ಜಾಗಗಳು ಮುಗಿದ ಮೇಲೆ ಅಲ್ಲೊಂದು ಸಲ ಎಳೆಯೋಣ." ತಂಗಿ ಕ್ಯಾಪ್ಟನ್ ಕಡೆ ತಿರುಗಿದಳು. "ನೀರು ಸಾಕಾಗುತ್ತಾ?"

ಕ್ಯಾಪ್ಟನ್ ದಡದ ಕಲ್ಲುಗಳ ಮೇಲಿನ ಒದ್ದೆ ಗೆರೆ ನೋಡಿದ. "ಬೇಗ ಹೋದರೆ" ಎಂದ.

ತಿರುವಿಗೆ ಬಂದಾಗ ಗಾಳಿ ನಿಂತಿತ್ತು. ಹಿಂದೆ ದೋಣಿಗಳನ್ನು ದಡಕ್ಕೆ ಎಳೆಯಲು ಹಾಕಿದ್ದ ಹಳಿಗಳು ತುಕ್ಕು ಹಿಡಿದು, ಅಂಗಳದಿಂದ ಇಳಿದು ಬಂದು ನೀರಿನಲ್ಲಿ ಮುಳುಗಿದ್ದವು. ಬಲೆ ಎಲ್ಲಿ ಇಳಿಸಬೇಕು, ಎಲ್ಲಿಯವರೆಗೆ ಎಳೆಯಬೇಕು ಎಂದು ಅಕ್ಕನೇ ಕೈ ಮಾಡಿ ತೋರಿಸಿದಳು. ಕ್ಯಾಪ್ಟನ್ ಅವಳು ಹೇಳಿದಂತೆಯೇ ನಡೆಸಿದ.

ಬಲೆ ಮೇಲೆ ಬರುವಾಗ ಯಂತ್ರ ನರಳಿತು. ಅಷ್ಟು ಭಾರ. ಅಕ್ಕನ ಮುಖ ಅರಳಿತು. ಆಮೇಲೆ ಬಲೆಯ ಚೀಲ ನೀರಿನಿಂದ ಹೊರಬಂತು. ಅದರ ತುಂಬ ಕಪ್ಪು ಕೆಸರು. ತೊಟ್ಟಿಗೆ ಸುರಿದಾಗ ಕೊಳೆತ ಮೊಟ್ಟೆಯ ವಾಸನೆ ಎದ್ದು ಗುಂಡಣ್ಣ ಮೂಗು ಮುಚ್ಚಿಕೊಂಡ. ನೀರು ಹಾಕಿ ತೊಳೆದರು. ಎರಡು ಏಡಿ, ಒಂದಿಷ್ಟು ಖಾಲಿ ಚಿಪ್ಪು, ಪ್ಲಾಸ್ಟಿಕ್ ಚೀಲಗಳು. ಮರಿ ಒಂದೂ ಇರಲಿಲ್ಲ.

"ಸ್ವಲ್ಪ ಆಚೆ" ಎಂದಳು ಅಕ್ಕ.

ಸ್ವಲ್ಪ ಆಚೆ ಎಳೆದರು. ಅದೇ ಕೆಸರು, ಅದೇ ವಾಸನೆ. ಈ ಸಲ ಏಡಿಯೂ ಇರಲಿಲ್ಲ.

ತಂಗಿ ನೀರು ಪರೀಕ್ಷಿಸುವ ಉಪಕರಣವನ್ನು ತಂತಿಯಲ್ಲಿ ತಳದವರೆಗೆ ಇಳಿಸಿದಳು. ಪರದೆಯ ಮೇಲಿನ ಅಂಕಿ ನೋಡಿ, ಸರಿಯಿಲ್ಲವೆಂಬಂತೆ ಮೇಲೆತ್ತಿ, ಮತ್ತೆ ಇಳಿಸಿದಳು. "ಕೆಳಗೆ ಉಸಿರಾಡೋಕೆ ಏನೂ ಇಲ್ಲ ಅಕ್ಕ. ಮೀನು ಬದುಕೋ ನೀರಲ್ಲ ಇದು."

ಅಕ್ಕ ಚಿಟಿಕೆಯಷ್ಟು ಕೆಸರು ತೆಗೆದು ಬೆರಳುಗಳ ನಡುವೆ ಉಜ್ಜಿದಳು. ಅವಳು ನೆನಪಿಟ್ಟುಕೊಂಡಿದ್ದ ತಳ ಮರಳಿನದು, ಪಾದಕ್ಕೆ ಕಚಗುಳಿ ಇಡುವಂಥದ್ದು. ಇದು ಎಣ್ಣೆ ಬಳಿದಂತೆ ಅಂಟುತ್ತಿತ್ತು. "ಇದು ಇಲ್ಲಿಯ ಕೆಸರಲ್ಲ" ಎಂದಳು.

"ಹಡಗು ಬರೋಕೆ ಬಂದರಿನ ಕಾಲುವೆ ಆಳ ಮಾಡಿದ್ರಲ್ಲ" ಎಂದ ಗುಂಡಣ್ಣ. "ಎತ್ತಿದ್ದನ್ನ ಮೇಲ್ಗಡೆ ಎಲ್ಲೋ ಸುರೀತಿದ್ರು. ಹರಿದು ಬಂದು ಇಲ್ಲಿ ಕೂತಿರಬೇಕು."

ಅಕ್ಕ ಬಲೆಯ ರಾಶಿಯ ಮೇಲೆ ಕುಳಿತಳು. ಒಳಭಾಗ ಮುಚ್ಚಿದ ಮೇಲೆ ಅವಳು ಈ ಕಡೆ ಬಂದಿರಲಿಲ್ಲ. ಅದಕ್ಕೂ ಮುಂಚೆ ಎಷ್ಟೋ ವರ್ಷ ಬಂದಿರಲಿಲ್ಲ. ಆದರೂ ಸಂಘದಲ್ಲಿ, ದಕ್ಕೆಯಲ್ಲಿ, ಕೇಳಿದವರಿಗೆಲ್ಲ ಅಲ್ಲಿ ಮರಿಗಳು ತುಂಬಿ ತುಳುಕುತ್ತಿವೆ ಎಂದು ಹೇಳುತ್ತಾ ಬಂದಿದ್ದಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಕಣ್ಣು ಮುಚ್ಚಿದರೆ ಅವಳಿಗೆ ಆ ಮರಿಗಳು ಕಾಣುತ್ತಿದ್ದವು, ಅಪ್ಪನ ಮಡಚಿದ ಪ್ಯಾಂಟಿನ ಅಂಚು ಕಾಣುತ್ತಿತ್ತು.

ತಂಗಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ತಂದು ಪಕ್ಕದಲ್ಲಿ ಕುಳಿತಳು. ನಾನು ಹೇಳಿರಲಿಲ್ಲವೇ ಎಂಬ ಮಾತು ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಅಕ್ಕ ಕಾದಳು. ಅದು ಬರಲಿಲ್ಲ.

"ನಾನು ಇಲ್ಲಿಗೆ ಒಂದು ಸಲಾನೂ ಬಂದಿಲ್ಲ" ಎಂದಳು ತಂಗಿ. "ನಮ್ಮ ಜಾಗಗಳಲ್ಲಿ ಮರಿ ಯಾಕೆ ಕಡಿಮೆಯಾಯ್ತು ಅಂತ ತಲೆ ಕೆಡಿಸಿಕೊಂಡಿದ್ದೆ. ಬಲೆಯಿಂದ ಅಂತ ಬರೆದೆ. ಅದೂ ಇದೆ, ಇಲ್ಲ ಅನ್ನಲ್ಲ. ಆದ್ರೆ ಇದೂ ಇದ್ದಿರಬೇಕು. ನೀನು ಹಟ ಮಾಡದಿದ್ರೆ ನಾನು ಇಲ್ಲಿಗೆ ಬರ್ತಿರಲಿಲ್ಲ."

ಅಕ್ಕ ಚಹಾ ಕುಡಿಯುತ್ತಾ ಹಳಿಗಳತ್ತ ನೋಡುತ್ತಿದ್ದಳು. ಇಳಿಯುತ್ತಿದ್ದ ನೀರು ಅವುಗಳ ಇನ್ನಷ್ಟು ಉದ್ದವನ್ನು ಹೊರಗೆ ಹಾಕಿತ್ತು.

"ಇವತ್ತು ಇಲ್ಲಿ ಎಳೆದದ್ದು ವರದಿಗೆ ಸೇರೋದಿಲ್ಲ" ಎಂದಳು ತಂಗಿ ಮತ್ತೆ, ದನಿ ತಗ್ಗಿಸಿ. "ನಿಮ್ಮವರಿಗೆ ಏನು ಹೇಳ್ಬೇಕು ಅನ್ನೋದು ನಿನಗೆ ಬಿಟ್ಟಿದ್ದು. ನಾನಾಗಿ ಯಾರ ಹತ್ರಾನೂ ಬಾಯಿ ಬಿಡಲ್ಲ."

"ನನ್ನ ಮಾನ ಕಾಪಾಡೋಕೆ ನೋಡ್ತಿದ್ದೀಯ."

"ಹೌದು."

"ಬೇಡ. ಸೇರಿಸೋಕೆ ಆಗಲ್ಲ ಅಂದ್ರೆ ಬೇರೆ ಹಾಳೆಯಲ್ಲಿ ಬರಿ. ಯಾರು ತೋರಿಸಿದ್ದು ಅಂತಾನೂ ಬರಿ."

"ಹೊರಡೋಣ" ಎಂದ ಕ್ಯಾಪ್ಟನ್. ದೋಣಿಯ ಕೆಳಗೆ ನೀರು ತೆಳುವಾಗುತ್ತಿತ್ತು.

ಆ ವಾರದ ಸಂಘದ ಸಭೆಯಲ್ಲಿ ಕುರ್ಚಿ ಸಾಲದೆ ಜನ ಬಾಗಿಲಲ್ಲಿ ನಿಂತಿದ್ದರು. ಅಕ್ಕ ಪೀಠಿಕೆ ಹಾಕಲಿಲ್ಲ. ಬಲೆ ತಳ ಮುಟ್ಟುತ್ತದೆ, ಎಣಿಕೆ ಸರಿಯಿದೆ ಎಂದಳು. ಆಮೇಲೆ ತಿರುವಿನ ವಿಷಯ ಹೇಳಿದಳು. "ನಾನು ತೋರಿಸಿದ ಕಡೆಯೇ ಹಾಕಿದ್ರು. ಎರಡು ಸಲ. ಅಲ್ಲಿ ಏನೂ ಇಲ್ಲ. ಇದೆ ಅಂತ ನಿಮಗೆಲ್ಲ ಹೇಳಿದವಳು ನಾನೇ. ನೋಡದೆ ಹೇಳಿದೆ."

ಹಿಂದಿನ ಸಾಲಿನಿಂದ ಒಬ್ಬ, "ಅಕ್ಕ ತಂಗಿ ರಾಜಿಯಾಗಿಬಿಟ್ರು, ಮುಳುಗಿದ್ದು ನಾವು" ಎಂದ.

"ರಾಜಿ ಆಗಿದ್ದು ಹೌದು" ಎಂದಳು ಅಕ್ಕ, ದನಿ ಏರಿಸದೆ. "ಅದಕ್ಕೂ ಕೆಸರಿಗೂ ಸಂಬಂಧ ಇಲ್ಲ. ನಂಬಿಕೆ ಇಲ್ಲ ಅಂದ್ರೆ ನಾಳೆ ನನ್ನ ದೋಣಿಯಲ್ಲಿ ಬಾ, ಕೈ ಹಾಕಿ ನೋಡು. ಮನೆಗೆ ಹೋದ ಮೇಲೆ ನಿನ್ನ ಹೆಂಡತಿ ಒಳಗೆ ಬಿಟ್ಕೊಳ್ಳಲ್ಲ, ಆ ವಾಸನೆಗೆ."

ಜನ ನಕ್ಕರು. ಎಲ್ಲರೂ ನಗಲಿಲ್ಲ. ಆದರೆ ಮರುದಿನ ಅವನು ಬಂದ, ಜೊತೆಗೆ ಇನ್ನೂ ಮೂವರನ್ನು ಕರೆತಂದ. ಸಂಜೆ ಹಿಂತಿರುಗಿದ ಮೇಲೆ ನಾಲ್ವರೂ ದಕ್ಕೆಯ ನಲ್ಲಿಯ ಕೆಳಗೆ ಕೈ ಉಜ್ಜಿ ಉಜ್ಜಿ ತೊಳೆದರು.

ಅಳಿವೆಯ ಒಳಭಾಗ ಆ ವರ್ಷವೂ ಮುಚ್ಚಿಯೇ ಇತ್ತು. ಇಷ್ಟು ದಿನ ತಂಗಿಯ ಇಲಾಖೆಗೆ ಮುತ್ತಿಗೆ ಹಾಕುತ್ತಿದ್ದ ಸಂಘ ಈ ಸಲ ಅದೇ ಇಲಾಖೆಯನ್ನು ಜೊತೆಗಿಟ್ಟುಕೊಂಡು ಬಂದರಿನವರ ಮುಂದೆ ಹೋಗಿ ಕೂತಿತು. ತಿಂಗಳುಗಳು ಹಿಡಿದವು. ಕಡೆಗೆ ಕಾಲುವೆಯ ಕೆಸರನ್ನು ಅಳಿವೆಯೊಳಗೆ ಸುರಿಯುವುದು ನಿಂತಿತು. ಕೂತ ಕೆಸರು ಯಾವಾಗ ಹೋಗುತ್ತದೆಂದು ಮಾತ್ರ ಯಾರಿಗೂ ಹೇಳಲಾಗಲಿಲ್ಲ. ತಂಗಿ ತಿರುವನ್ನು ತನ್ನ ಸಮೀಕ್ಷೆಯ ಹೊಸ ಜಾಗವಾಗಿ ಸೇರಿಸಿಕೊಂಡಳು. ಮೊದಲ ವರ್ಷ ಅಲ್ಲಿ ಬರೆದದ್ದು ಸೊನ್ನೆ.

ಅದರ ಮರುವರ್ಷ ಸಮೀಕ್ಷೆ ಶುರುವಾದ ಬೆಳಿಗ್ಗೆ ಅಕ್ಕ ತನ್ನ ದೋಣಿಯಲ್ಲಿ ಹೊರ ಸಮುದ್ರಕ್ಕೆ ಹೊರಟಿದ್ದಳು. ಅಳಿವೆಯ ಬಾಯಿಯ ಹತ್ತಿರ ತಂಗಿಯ ದೋಣಿ ಮೆಲ್ಲಗೆ ಬಲೆ ಎಳೆಯುತ್ತಾ ಎದುರಾಯಿತು. ಹಗ್ಗ ಬಿಗಿಯಾಗಿತ್ತು, ಗುಂಡಣ್ಣ ಯಂತ್ರದ ಪಕ್ಕ ನಿಂತು ಏನೋ ಹೇಳುತ್ತಲೇ ಇದ್ದ. ತನ್ನ ದೋಣಿ ಎಬ್ಬಿಸುವ ಅಲೆಗೆ ಅವರ ಬಲೆ ತಳದಿಂದ ಎದ್ದೀತೆಂದು ಅಕ್ಕ ಇಂಜಿನ್ನಿನ ವೇಗ ಇಳಿಸಿದಳು. ಹಿಂದೆ ಬರುತ್ತಿದ್ದ ದೋಣಿಗಳಿಗೂ ಕೈ ಮಾಡಿದಳು. ಒಂದರ ಹಿಂದೊಂದು ಅವೂ ಸದ್ದು ತಗ್ಗಿಸಿ, ದೂರ ಬಿಟ್ಟು, ಸುತ್ತಿಕೊಂಡು ಹೋದವು.