ಒಣ ಬೆಣೆ

“ಹೆಸರು ಯಾತಕ್ಕೋ ಬೋಳಿಮಗನೆ? ‘ಏಳು ಮಂದಿ ಕೂಲಿಗಳು’ ಅಂತ ಕೆತ್ತು, ಸಾಕು. ಇರೋ ಜಾಗವೆಲ್ಲ ನಿಮ್ಮ ಹೆಸರಿಗೇ ಹೋದ್ರೆ ನನ್ನ ಹೆಸರನ್ನ ಆಕಾಶದಲ್ಲಿ ಕೆತ್ತುತೀಯಾ?”

ಧಣಿ ಬೈದದ್ದು ಅಪ್ಪನನ್ನು, ನೋಡಿದ್ದು ನನ್ನನ್ನು. ಕ್ವಾರಿಯ ಕುಸಿತದಲ್ಲಿ ಸತ್ತವರ ಸ್ಮಾರಕಕ್ಕೆಂದು ಏಳು ಹೆಸರುಗಳನ್ನು ದುಂಡಗೆ ಬರೆದು ತಂದವನು ನಾನೇ. ಮೊದಲನೆಯದು ನನ್ನ ಅಣ್ಣನದು. ಧಣಿ ಆ ಹಾಳೆಯಿಂದ ಮೇಜಿನ ಮೇಲೆ ಚೆಲ್ಲಿದ್ದ ಚಹಾ ಒರೆಸಿದ. ಒದ್ದೆ ಮುದ್ದೆಯನ್ನು ಬುಟ್ಟಿಗೆ ಎಸೆದು ಬೆರಳು ಜಾಡಿಸಿಕೊಂಡ.

“ಇವನೇ ಅಲ್ವೇನೋ ಬಿ.ಎ. ಓದಿರೋನು? ಯಾವುದರಲ್ಲಿ?”

“ಇತಿಹಾಸ,” ಎಂದ ಅಪ್ಪ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ.

“ಒಳ್ಳೇದಾಯ್ತು. ತಗೋ ಪೆನ್ನು, ಇತಿಹಾಸ ಬರಿ.”

ತನ್ನ ಹೆಸರಿನ ಕೆಳಗೆ ಬರಬೇಕಾದದ್ದನ್ನು ಅವನು ಹೇಳಿದ, ನಾನು ಬರೆದೆ. ‘ಗುಡ್ಡ ಕುಸಿದ ದಿನ ತಮ್ಮ ಪ್ರಾಣವನ್ನೂ ಲೆಕ್ಕಿಸದೆ ಒಂಬತ್ತು ಜೀವಗಳನ್ನು ಹೊರಗೆಳೆದ ಮಹಾನುಭಾವರು.’ ಅಕ್ಷರ ಎಂದಿನಂತೆ ದುಂಡಗೇ ಬಂತು. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಿದೆ.

ಒಂಬತ್ತು ಜನರನ್ನು ಎಳೆದು ಹೊರಗೆ ಹಾಕಿದವನು ಅಣ್ಣ. ಹತ್ತನೆಯವನನ್ನು ತರಲು ಒಳಗೆ ಹೋದವನು ಬರಲಿಲ್ಲ. ಧಣಿ ಬಂದದ್ದು ಮಧ್ಯಾಹ್ನ, ಮೂಗಿಗೆ ಕರವಸ್ತ್ರ ಹಿಡಿದುಕೊಂಡು. ಕಾರಿನ ಗಾಜು ಇಳಿಸಿ ಮೊದಲು ಕೇಳಿದ್ದು, “ಕ್ರೇನ್‌ಗೆ ಏನೂ ಆಗಿಲ್ಲ ತಾನೆ?”

ಅದಕ್ಕೂ ಮೂರು ದಿನ ಮೊದಲು ಅಪ್ಪ ಇದೇ ಮೇಜಿನ ಮುಂದೆ ನಿಂತಿದ್ದ. “ಧಣಿ, ಗುಡ್ಡದ ಆ ಮಗ್ಗುಲಲ್ಲಿ ಸೀಳಿದೆ. ಬಡಿದ್ರೆ ಟೊಳ್ಳು ಸದ್ದು ಬರ್ತಿದೆ. ಜನ ಇಳಿಸಬೇಡಿ.”

“ಮೈಗಳ್ಳರಿಗೆ ಕಲ್ಲೆಲ್ಲ ಟೊಳ್ಳೇ,” ಎಂದಿದ್ದ ಧಣಿ. ಮಾರನೆಯ ದಿನ ಹಾಜರಿ ಕೂಗುವಾಗ ಬೇಕೆಂದೇ ಅಣ್ಣನ ನಂಬರನ್ನು ಮೊದಲು ಕೂಗಿಸಿ ಆ ಮಗ್ಗುಲಿಗೇ ಹಾಕಿದ್ದ. ನಲವತ್ತೊಂದು. ಅಣ್ಣ ಸತ್ತ ಮುಂದಿನ ಸೋಮವಾರವೇ ಆ ನಂಬರು ಇನ್ನೊಬ್ಬನಿಗೆ ಹೋಯಿತು. “ನಲವತ್ತೊಂದು” ಎಂದಾಗ ಯಾರೋ “ಇದೀನಿ” ಎನ್ನುತ್ತಾನೆ. ಮೊದಮೊದಲು ಅಪ್ಪ ತಿರುಗಿ ನೋಡುತ್ತಿದ್ದ.

*

ಸ್ಮಾರಕಕ್ಕೆ ಕಲ್ಲು ಬಂದದ್ದು ಕುಸಿದ ಮಗ್ಗುಲಿನಿಂದಲೇ. ಎರಡಾಳೆತ್ತರ, ಒಂದು ಮೊಳ ದಪ್ಪ. ನಮ್ಮ ಮನೆಯವರೇ ಅದರ ಮೇಲೆ ಕೆಲಸಕ್ಕೆ ಬಿದ್ದೆವು. ಅತ್ತಿಗೆ ಉಜ್ಜಿ ನುಣುಪು ಮಾಡುವುದು, ನಾನು ಅಕ್ಷರ ಬರೆಯುವುದು, ಅಪ್ಪ ಕೆತ್ತುವುದು. ಕ್ವಾರಿಯ ತಗಡಿನ ಶೆಡ್ಡಿನಲ್ಲಿ ಮೂವರೂ ದಿನವಿಡೀ ಇರುತ್ತಿದ್ದೆವು. ಉಳಿಯ ಸದ್ದಷ್ಟೇ. ನಮ್ಮ ಮನೆಯಲ್ಲಿ ಅಣ್ಣನೊಬ್ಬನೇ ಮಾತುಗಾರ.

ಮೂರನೆಯ ದಿನ ಅತ್ತಿಗೆ ಕಲ್ಲಿಗೆ ನೀರು ಹುಯ್ದು ಸೆರಗಿನಲ್ಲಿ ಕೈ ಒರೆಸಿಕೊಂಡವಳು ಹಾಗೇ ನಿಂತಳು.

“ಮಾವ, ಇಲ್ಲಿ ಬನ್ನಿ.”

ಕಲ್ಲು ಮೈಯೆಲ್ಲ ಆರಿತ್ತು. ಆಳೆತ್ತರಕ್ಕಿಂತ ತುಸು ಮೇಲೆ ಮಾತ್ರ ಅಡ್ಡಕ್ಕೆ ಒಂದು ಎಳೆ, ಕೂದಲಿನಷ್ಟು ಸಣ್ಣದು, ಆರದೆ ಕಪ್ಪಗೆ ಉಳಿದಿತ್ತು. ಅಪ್ಪ ಬೆರಳ ಗೆಣ್ಣಿನಿಂದ ಕೆಳಗೆ ಬಡಿದ. ಗಂಟೆಯ ಹಾಗೆ ಕೇಳಿಸಿತು. ಎಳೆಯ ಹತ್ತಿರ ಬಡಿದ. ಒದ್ದೆ ಹಲಗೆಯ ಸದ್ದು. ಕಲ್ಲಿನ ಪಕ್ಕಕ್ಕೆ ಹೋಗಿ ನೋಡಿದ. ಸೀಳು ಹಿಂದಿನಿಂದ ಮುಂದಕ್ಕೆ ಇಳಿಜಾರಾಗಿ ಬಂದಿತ್ತು. ಗುಡ್ಡ ಜಾರಿದ್ದೂ ಹಾಗೇ.

ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ಎಲ್ಲಿಗೆ?” ಅತ್ತಿಗೆ ಕೇಳಿದಳು.

“ಹೇಳಿ ಬರ್ತೀನಿ. ಇದು ನಿಲ್ಲೋ ಕಲ್ಲಲ್ಲ ತಾಯಿ. ಬೇರೆ ತರಿಸಬೇಕು.”

“ಅವತ್ತೂ ಹೇಳಿದ್ರಿ ಮಾವ.”

ಅಪ್ಪ ಬಾಗಿಲಲ್ಲೇ ನಿಂತ. ನಲವತ್ತು ವರ್ಷ ಕಲ್ಲು ಕಂಡು ಹೇಳಿದ ಬಾಯಿ ಅದು. ಸೀಳು ಕಂಡೂ ಸುಮ್ಮನಿದ್ದವನು ನಮ್ಮ ಕಸುಬಿನಲ್ಲಿ ಯಾರೂ ಇಲ್ಲ. ಆ ಮನುಷ್ಯ ಒಳಗೆ ಬಂದು ಟವೆಲ್ಲನ್ನು ಗೂಟಕ್ಕೆ ಹಾಕಿ, ಉಳಿ ಮಸೆಯಲು ಕೂತ.

*

“ನನ್ನ ಹೆಸರು ಕೆತ್ತಬೇಡ,” ಎನ್ನುತ್ತ ಮಾರನೆಯ ದಿನ ಧಣಿಯೇ ಶೆಡ್ಡಿಗೆ ಬಂದ. ಡ್ರೈವರು ಹಿಂದಿನಿಂದ ಒಂದು ಪೆಟ್ಟಿಗೆ ಇಳಿಸಿದ. “ಹಿತ್ತಾಳೆ ಅಕ್ಷರ ಮಾಡಿಸಿದ್ದೀನಿ. ಬಿಸಿಲಿಗೆ ಹೊಳೀಬೇಕು. ರಸ್ತೆಯಿಂದ ಕಾಣಬೇಕು. ಏನೋ ಮುದುಕ, ಹೆಂಗೆ ಕೂರಿಸ್ತೀಯ?”

ಹಿತ್ತಾಳೆಯನ್ನು ಕಲ್ಲಿಗೆ ಕೂರಿಸುವುದು ಸೀಸದಿಂದ. ಕುಳಿಗೆ ಕಾದ ಸೀಸ ಹುಯ್ದು ಅಕ್ಷರದ ಕಾಲು ಇಳಿಸಬೇಕು. ಅಪ್ಪ ಮದುವೆಯಾಗುವ ಮೊದಲಿಂದಲೂ ಹಾಗೇ ಮಾಡುತ್ತಿದ್ದ.

“ಸಾಲಾಗಿ ತೂತು ಹೊಡೆದು, ಒಣ ಕಟ್ಟಿಗೆ ಬೆಣೆ ಬಡೀತೀವಿ ಧಣಿ,” ಎಂದ ಅಪ್ಪ. “ಅದರ ಮೇಲೆ ಮೊಳೆ ಹೊಡೆದು ಅಕ್ಷರ ಕೂರಿಸ್ತೀವಿ.”

ಅತ್ತಿಗೆಯ ಕೈಯಲ್ಲಿ ಉಜ್ಜುಗಲ್ಲು ನಿಂತಿತು.

ಗುಡ್ಡವನ್ನು ನಾವು ಸೀಳುವುದು ಹಾಗೆಯೇ. ಸಾಲಾಗಿ ಕುಳಿ, ಕುಳಿಗೊಂದು ಒಣ ಬೆಣೆ. ಮೇಲೆ ನೀರು ಹುಯ್ದು ಮನೆಗೆ ಹೋದರಾಯಿತು. ಕಟ್ಟಿಗೆ ನೀರು ಕುಡಿದು ಉಬ್ಬುತ್ತದೆ, ಬಂಡೆ ಬಾಯಿ ಬಿಡುತ್ತದೆ. ಕ್ವಾರಿಯಲ್ಲಿ ಮಣ್ಣು ಹೊರುವ ಹೆಂಗಸಿಗೂ ಗೊತ್ತಿರುವ ವಿಷಯ. ಮೂರು ಗುಡ್ಡ ಮಾರಿ ಉಂಡ ಧಣಿ ಕಲ್ಲು ಗೇಟು ದಾಟುವುದನ್ನಷ್ಟೇ ನೋಡಿದ್ದ.

“ತೂತು ಎಷ್ಟು ಆಳ?”

“ಗೇಣುದ್ದ.”

“ಆಳ ಆದಷ್ಟೂ ಭದ್ರ ಅಲ್ವೇನೋ?”

“ಹೂಂ ಧಣಿ. ಆಳ ಆದಷ್ಟೂ ಒಳ್ಳೇದು.”

“ಹಂಗಾದ್ರೆ ಇನ್ನೂ ನಾಕು ಬೆರಳು ಇಳಿಸು. ಲೇ ಬಿ.ಎ., ಹೆಸರು ಎಲ್ಲಿ ಬರತ್ತೆ? ಬಾಯಿ ಬಿದ್ದೋಗಿದೆಯೇನೋ?”

ನಾನು ಸೀಮೆಸುಣ್ಣ ಎತ್ತಿಕೊಂಡೆ. ಆರಿದ ಕಲ್ಲಿನಲ್ಲಿ ಆ ಎಳೆ ಕಾಣುತ್ತಿರಲಿಲ್ಲ. ಆದರೆ ನನಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಈ ತುದಿಯಿಂದ ಆ ತುದಿಗೆ ಅದರ ಮೇಲೆಯೇ ಒಂದು ಗೆರೆ ಎಳೆದೆ.

“ಇಲ್ಲಿ ಧಣಿ. ಎಲ್ಲರ ತಲೆಗಿಂತ ಮೇಲೆ.”

“ಭೇಷ್! ಓದಿದ್ದು ದಂಡ ಆಗಿಲ್ಲ,” ಎಂದು ನನ್ನ ಬೆನ್ನು ತಟ್ಟಿದ.

*

ಸ್ಮಾರಕದ ಪರದೆ ಸರಿಸಿದ ದಿನ ಗಣಿ ಇಲಾಖೆಯ ಮೇಲಧಿಕಾರಿ ಬಂದಿದ್ದ. ಕುಸಿತಕ್ಕೆ ಕೂಲಿಗಳ ಅಜಾಗರೂಕತೆಯೇ ಕಾರಣ ಎಂದು ವರದಿ ಬರೆದವನು ಅವನೇ. ಸ್ಮಾರಕ ಮುಂದಿನ ಪೀಳಿಗೆಗೆ ದಾರಿದೀಪ ಎಂದು ಭಾಷಣ ಮಾಡಿದ. ಹದಿನಾಲ್ಕು ಹಿತ್ತಾಳೆ ಅಕ್ಷರಗಳು ಬಿಸಿಲಿಗೆ ಕಣ್ಣು ಕುಕ್ಕಿದವು. ‘ಏಳು ಮಂದಿ ಕೂಲಿಗಳು’ ಪಾದದ ಹತ್ತಿರ, ಹುಲ್ಲು ಬೆಳೆದರೆ ಮುಚ್ಚಿಹೋಗುವಷ್ಟು ಕೆಳಗೆ.

ಧಣಿ ಅತ್ತಿಗೆಯನ್ನು ಎಲ್ಲರೆದುರಿಗೆ ಕರೆದ. “ಗಂಡ ಸತ್ತೋಳು. ನಾನು ಕೈ ಬಿಡೋದಿಲ್ಲ. ಇವತ್ತಿಂದ ದಿನಾ ಬೆಳಿಗ್ಗೆ ಈ ಕಲ್ಲು ತೊಳೆಯೋ ಕೆಲಸ ಇವಳದ್ದು.”

ಮೇಲಧಿಕಾರಿ ಮೊದಲು ಚಪ್ಪಾಳೆ ತಟ್ಟಿದ.

“ಆಗಲಿ ಧಣಿ,” ಎಂದಳು ಅತ್ತಿಗೆ. “ಒಂದು ದಿನಾನೂ ತಪ್ಪಿಸಲ್ಲ.”

ಆಕೆ ತಪ್ಪಿಸಲಿಲ್ಲ. ಸೂರ್ಯ ಏಳುವ ಹೊತ್ತಿಗೆ ಏಣಿ ಹಾಕಿ, ಕೊಡ ಹೊತ್ತು ಹತ್ತುತ್ತಾಳೆ. ಒಂದೊಂದು ಅಕ್ಷರದ ಹಿಂದಕ್ಕೂ ನೀರು ಇಳಿಯುವಂತೆ ನಿಧಾನವಾಗಿ ಹುಯ್ಯುತ್ತಾಳೆ, ಕೂಸಿಗೆ ಎರೆಯುವ ಹಾಗೆ.

ಯಾರಿಗೂ ಏನೂ ಹೇಳಲಿಲ್ಲ ನಾವು. ಹೇಳುವ ಅಗತ್ಯವೂ ಬೀಳಲಿಲ್ಲ. ಅಣ್ಣ ಹೊರಗೆಳೆದ ಒಂಬತ್ತು ಜನರಲ್ಲಿ ಕಾಲು ಮುರಿದುಕೊಂಡ ಕುಂಟಣ್ಣ ಒಬ್ಬ. ಕೆಲಸಕ್ಕೆ ಹೋಗುವಾಗ ಸುಮ್ಮನೆ ಕಲ್ಲಿನ ಮೈ ನೀವಿ, ಅಕ್ಷರಗಳ ಬುಡದಲ್ಲಿ ಗೆಣ್ಣಿನಿಂದ ಒಮ್ಮೆ ಬಡಿದ. ಟೊಳ್ಳು ಸದ್ದಿಗೆ ಅವನ ಕೈ ಅಲ್ಲೇ ನಿಂತಿತು. ಅಕ್ಷರಗಳ ಸಾಲು ನೋಡಿದ, ಅಪ್ಪನನ್ನು ನೋಡಿದ. ಆಮೇಲೆ ಕುಂಟುತ್ತ ಹೋದ. ಮರುದಿನ ನಾಲ್ಕು ಜನ ಬಡಿದರು. ವಾರದೊಳಗೆ ಇಡೀ ಕ್ವಾರಿ ಹಾದುಹೋಗುವಾಗ ಕೈ ಎತ್ತಿ ಒಂದೊಂದು ಸಲ ಬಡಿಯತೊಡಗಿತು.

ಧಣಿಗೆ ಕಣ್ಣು ತುಂಬಿ ಬಂತಂತೆ. “ನೋಡಿದ್ಯಾ, ಮುಟ್ಟಿ ಕೆಲಸಕ್ಕೆ ಹೋಗ್ತಾರೆ,” ಎಂದು ಡ್ರೈವರಿಗೆ ಹೇಳಿದನಂತೆ. ಅದನ್ನು ಕಣ್ಣಾರೆ ಕಾಣಲು ತನ್ನ ಕುರ್ಚಿಯನ್ನು ಆಫೀಸಿನಿಂದ ಹೊರಗೆ ತರಿಸಿ, ಸ್ಮಾರಕದ ಬುಡದಲ್ಲೇ ಹಾಕಿಸಿದ. ಈಗ ಬೆಳಿಗ್ಗೆ ಕಲ್ಲಿಗೆ ಬೆನ್ನು ಕೊಟ್ಟು ಕೂತು ಹಾಜರಿ ನೋಡುತ್ತಾನೆ. ನಂಬರು ಬಂದವರು ಒಬ್ಬೊಬ್ಬರೇ ಕಲ್ಲಿನ ಅಂಚಿಗೆ ಬಂದು, ಬಡಿದು, ಬೇಗ ಸರಿದು ಹೋಗುತ್ತಾರೆ.

ಮೊದಲ ವಾರ ಎಳೆಯಿಂದ ದೂರ ಬಡಿದರೆ ಸದ್ದು ಗಂಟೆಯ ಹಾಗಿತ್ತು, ಈಗ ಅಲ್ಲೂ ಒದ್ದೆ ಹಲಗೆ. ನಿನ್ನೆ ಕುಂಟಣ್ಣ ನನ್ನ ಕಿವಿಯ ಹತ್ತಿರ ಬಂದು, “ಧಣಿ ಗಂಟಲು ಕಟ್ಟಿದೆ ಕಣೋ ಬಿ.ಎ.,” ಎಂದ. ನಗಲಿಲ್ಲ.

ನಾನು ನಿದ್ದೆಗೆಟ್ಟಿದ್ದು ನಿಜ. ಓದಿದವನ ರೋಗ ಅದು. ಆ ಕುರ್ಚಿಯನ್ನು ನಾವು ಹಾಕಿಸಲಿಲ್ಲ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ಇವತ್ತು ಬೆಳಿಗ್ಗೆ ಅಪ್ಪನನ್ನು ಕೇಳಿದೆ, “ಧಣಿಗೆ ಹೇಳೋಣವಾ?”

ಅಪ್ಪ ಸಣ್ಣ ಉಳಿ ಮಸೆಯುತ್ತಿದ್ದ, ಅಕ್ಷರಕ್ಕೆ ಮಾತ್ರ ಬಳಸುವುದನ್ನು.

“ಸೀಳಿದ ಕಲ್ಲಿನ ಒಳಮೈ ಚೊಕ್ಕಟವಾಗಿರತ್ತೆ ಮಗ,” ಎಂದ, ತಲೆ ಎತ್ತದೆ. “ಒಂದು ಹಾಳೆ ತಗೊಂಡು ಆ ಏಳು ಹೆಸರು ಇನ್ನೊಂದು ಸಲ ಬರೆದಿಡು.”

ನಾನು ಬರೆದು ಜೇಬಿನಲ್ಲಿಟ್ಟುಕೊಂಡು ಹಾಜರಿಗೆ ಬಂದೆ. ಧಣಿ ಕುರ್ಚಿಯಲ್ಲಿದ್ದ. ಅವನ ನೆತ್ತಿಯ ಮೇಲೆ, ಏಣಿಯ ತುದಿಯಲ್ಲಿ ಅತ್ತಿಗೆ. ಅಕ್ಷರಗಳ ನಡುವೆ ಕಪ್ಪು ಎಳೆ ಈಗ ಬರಿಗಣ್ಣಿಗೇ ಕಾಣುತ್ತಿತ್ತು, ಈ ತುದಿಯಿಂದ ಆ ತುದಿಗೆ. ನಲವತ್ತೊಂದು ಎಂದು ಕೂಗಿದರು. ಯಾರೂ “ಇದೀನಿ” ಎನ್ನಲಿಲ್ಲ. ಸಾಲಿನಲ್ಲಿ ನಿಂತವರೆಲ್ಲ ಮೇಲೆ ನೋಡುತ್ತಿದ್ದರು.

ಧಣಿಯ ಹೆಗಲ ಮೇಲೆ ಎರಡು ಹನಿ ಬಿತ್ತು. ಅವನು ತಲೆ ಎತ್ತದೆ ಗದರಿದ, “ಏಯ್, ನನ್ನ ಮೇಲಲ್ಲ ಕಣೇ, ಹೆಸರಿನ ಮೇಲೆ ಸರಿಯಾಗಿ ಹುಯ್ಯಿ!”

“ಹೂಂ ಧಣಿ,” ಎಂದಳು ಅತ್ತಿಗೆ. “ಅಲ್ಲಿಗೇ ಹುಯ್ತಾ ಇದೀನಿ.”