ತಡ, ರದ್ದು, ತಡ

ಕಪಾಟಿನ ಎಡಭಾಗ ಗಂಡನದು. ಅಲ್ಲಿಗೆ ಹಬ್ಬಿಕೊಂಡಿದ್ದ ತನ್ನ ಬಟ್ಟೆಗಳನ್ನು ತೋಳಿನ ತುಂಬ ಎತ್ತಿಕೊಂಡು ನಿಂತಿದ್ದ ಅವಳು ಇನ್ನೊಮ್ಮೆ ಫೋನ್ ನೋಡಿದಳು. ತಡ. ಎಷ್ಟು ತಡವೆಂದು ಬರೆದಿರಲಿಲ್ಲ.

ಬೆಳಗಿನಿಂದ ಅರ್ಧ ಜಗತ್ತಿನ ವಿಮಾನಗಳು ನೆಲ ಬಿಟ್ಟಿರಲಿಲ್ಲ. ಯಾವುದೋ ದೊಡ್ಡ ಕಂಪ್ಯೂಟರ್ ಕೈಕೊಟ್ಟಿತ್ತಂತೆ. ಟೀವಿಯಲ್ಲಿ ಜನ ಸೂಟ್‌ಕೇಸುಗಳಿಗೆ ಒರಗಿ ಮಲಗಿದ್ದರು. ಮನೆಯವರು ಆತಂಕದಲ್ಲಿದ್ದಾರೆ ಎಂದು ವರದಿಗಾರ್ತಿ ಪದೇ ಪದೇ ಹೇಳುತ್ತಿದ್ದಳು. ಬಟ್ಟೆ ಹಿಡಿದು ನಿಂತ ಇವಳಿಗೂ ಆತಂಕವಿತ್ತು. ಯಾತರದು ಎಂದು ಯಾರಾದರೂ ಕೇಳಿದ್ದರೆ ಉತ್ತರ ಕಷ್ಟವಾಗುತ್ತಿತ್ತು.

"ಏನಂತೆ?" ಹೊರಗಿನ ಕೋಣೆಯಿಂದ ಅತ್ತೆ ಕೇಳಿದರು.

"ತಡ ಅಂತೆ, ಅತ್ತೆ."

"ಹೊರಟಿದ್ಯೋ ಇಲ್ವೋ?"

"ಅದನ್ನೇ ಹೇಳ್ತಿಲ್ಲ."

"ಬಿಡು. ಬರೋದು ಬಂದೇ ಬರುತ್ತೆ."

ಮಗನ ಬಗ್ಗೆ ಆಡುವ ಮಾತೇ ಇದು? ಮಳೆಗೋ ಜ್ವರಕ್ಕೋ ಹೇಳಿದ ಹಾಗಿತ್ತು.

ಅಷ್ಟು ದೂರದಿಂದ ಅತ್ತೆಗೆ ಮಾತು ಕೇಳಿಸುವುದು ಅವಳ ಕೈಚಳಕ. ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷಿಸುವುದು, ಶ್ರವಣಯಂತ್ರ ಹೊಂದಿಸುವುದು ಅವಳ ಕೆಲಸ. ಅತ್ತೆಯದನ್ನಂತೂ ಪಕ್ಕದ ಕೋಣೆಯಲ್ಲಿ ಚಮಚ ಇಟ್ಟರೂ ಕೇಳಿಸುವಂತೆ ಹೊಂದಿಸಿದ್ದಳು. ಹೊರದೇಶದ ಕೆಲಸದಿಂದ ಮಗ ರಜೆಗೆ ಬಂದಾಗ ಮಾತ್ರ ಅತ್ತೆ ಅದನ್ನು ತೆಗೆದು ಡಬ್ಬಿಗೆ ಹಾಕಿಬಿಡುತ್ತಿದ್ದರು. "ಇದನ್ನ ನೋಡಿದ್ರೆ ಅವನಿಗೆ ಬೇಜಾರು" ಎನ್ನುತ್ತಿದ್ದರು. ವಯಸ್ಸಾದವರ ನಾಚಿಕೆ, ಇಂಥವರನ್ನು ಅವಳು ದಿನಾ ನೋಡುತ್ತಿದ್ದಳು. ಈಗ ಅವನ ಕರಾರು ಮುಗಿದಿತ್ತು. ಈ ಸಲ ಬಂದರೆ ವಾಪಸ್ಸು ಹೋಗುವುದಿಲ್ಲ.

ಮೇಲಿನ ಮನೆಯ ಡಾನ್ಸ್ ಟೀಚರ್ ಬಾಗಿಲಲ್ಲಿ ಇಣುಕಿದಳು. "ಏನ್ರೀ, ಮುಖ ಹೀಗೆ ಬಿಳಿಚಿಕೊಂಡಿದೆ? ವಿಮಾನ ನಿಂತ್ರೆ ನಿಮ್ಮ ಉಸಿರೂ ನಿಂತುಹೋಯ್ತಾ?"

"ಹಾಗೇನಿಲ್ಲ."

"ಪುಣ್ಯವಂತ್ರು ಬಿಡಿ. ನಮ್ಮನೆಯವರು ಪಕ್ಕದ ಬೀದಿಗೆ ಹೋದ್ರೂ ನನಗೆ ಹಬ್ಬ."

ಅತ್ತೆ ಗಟ್ಟಿಯಾಗಿ ನಕ್ಕರು. ಆಮೇಲೆ ಸೊಸೆಯ ಮುಖ ನೋಡಿ ನಗು ನಿಲ್ಲಿಸಿದರು.

ಟೀಚರ್ ಹೋದ ಮೇಲೆ ಫೋನಿನ ಪರದೆಯ ಮೇಲಿನ ಪದ ಬದಲಾಯಿತು. ರದ್ದು.

ಅವಳು ಮಂಚದ ಮೇಲೆ ಕೂತಳು. ಬೆಳಗಿನಿಂದ ಮೊದಲ ಸಲ ಹಸಿವಾಯಿತು. ಎದ್ದು ತನ್ನ ಬಟ್ಟೆಗಳನ್ನು ಒಂದೊಂದಾಗಿ ಮತ್ತೆ ಎಡಭಾಗಕ್ಕೇ ಜೋಡಿಸತೊಡಗಿದಳು. ಕೊನೆಯದನ್ನು ಇಡುವ ಮೊದಲೇ ಫೋನ್ ಬಡಿದುಕೊಂಡಿತು.

"ಎಲ್ಲಿದ್ದೆ?"

"ಇಲ್ಲೇ, ರೂಮಲ್ಲಿ."

"ಎಷ್ಟು ಹೊತ್ತು ರಿಂಗ್ ಆಯ್ತು."

"ಕೈ ಒದ್ದೆ ಇತ್ತು."

"ರೂಮಲ್ಲಿ ಕೈ ಯಾಕೆ ಒದ್ದೆ ಆಗುತ್ತೆ?"

ಅವನ ದನಿ ಮೆತ್ತಗಿತ್ತು. ಅವನು ಎಂದೂ ಕೂಗಿದವನಲ್ಲ.

"ಇರ್ಲಿ. ಬಂದು ಮಾತಾಡೋಣ. ಬೇರೆ ವಿಮಾನ ಸಿಕ್ತು, ಹತ್ತಿದೀನಿ. ನಂಬರ್ ಕಳಿಸ್ತೀನಿ. ಸಂಜೆ ಗೇಟ್ ಹತ್ರ ಇರು. ನಾನು ಹುಡುಕೋ ಹಾಗೆ ಮಾಡ್ಬೇಡ."

'ಬಂದು ಮಾತಾಡೋಣ' ಎಂದದ್ದಕ್ಕೆ ಅವಳ ಎಡಗೈ ತಾನಾಗಿ ಬೆನ್ನ ಹಿಂದೆ ಸರಿದಿತ್ತು. ಮಣಿಕಟ್ಟಿನ ಮೂಳೆ ಕೂಡಿಕೊಂಡು ಬಹಳ ಕಾಲವಾಗಿತ್ತು. ಜಾರಿಬಿದ್ದೆ ಎಂದು ತನ್ನ ಆಸ್ಪತ್ರೆಯಲ್ಲೇ ಹೇಳಿದ್ದಳು. ಕೇಳಿದವರು ನಂಬಿದ್ದರು, ಅಥವಾ ಸುಮ್ಮನಾಗಿದ್ದರು.

"ಬೇರೆ ವಿಮಾನ ಸಿಕ್ಕಿದೆಯಂತೆ ಅತ್ತೆ. ಸಂಜೆಗೆ ಬರ್ತಾರೆ."

ಅತ್ತೆಯ ಕೈ ಕಿವಿಯತ್ತ ಹೋಯಿತು. ಯಂತ್ರ ತೆಗೆದು, ಒರೆಸಿ, ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದರು. ಮಗ ಬರಲು ಇನ್ನೂ ಅರ್ಧ ದಿನವಿತ್ತು.

ಅವಳು ಆ ಡಬ್ಬಿಯನ್ನೇ ನೋಡಿದಳು. ಅವನ ಮೊದಲ ರಜೆಯ ಮೊದಲ ರಾತ್ರಿ ಯಂತ್ರ ಅತ್ತೆಯ ಕಿವಿಯಲ್ಲೇ ಇತ್ತು. ಮಣಿಕಟ್ಟು ಮುರಿದ ರಾತ್ರಿ. ಮಾರನೆಯ ಬೆಳಿಗ್ಗೆಯಿಂದ ಇರಲಿಲ್ಲ. ಆಮೇಲೆ ಅವನಿದ್ದಾಗ ಎಂದೂ ಇರಲಿಲ್ಲ.

"ಆವತ್ತು ರಾತ್ರಿ ನಿಮಗೆ ಕೇಳಿಸಿತ್ತು, ಅಲ್ವಾ ಅತ್ತೆ?" ಅವಳು ದನಿ ಏರಿಸದೆ ಕೇಳಿದಳು.

ಅತ್ತೆ ಅವಳ ತುಟಿಗಳನ್ನು ನೋಡುತ್ತಿದ್ದರು. ಆಮೇಲೆ ಕಿಟಕಿಯತ್ತ ತಿರುಗಿದರು.

"ಏನೋ, ಏನೂ ಕೇಳ್ಸಲ್ಲಮ್ಮ ನನಗೆ. ಟೀ ಕುಡಿದು ಬೇಗ ಹೊರಡು. ಕಾಯಿಸಿದ್ರೆ ಅವನಿಗೆ ಆಗಲ್ಲ."

ಲೋಟ ಕೊಡುವಾಗ ಟೀ ಚೆಲ್ಲಿತು. ಇಬ್ಬರೂ ಒಟ್ಟಿಗೆ ಬಗ್ಗಿ ನೆಲ ಒರೆಸಿದರು.

ಸಂಜೆ ಟ್ಯಾಕ್ಸಿಯಲ್ಲಿ ಕೂತು ಅವನು ಕಳಿಸಿದ ವಿಮಾನದ ನಂಬರನ್ನು ಫೋನಿಗೆ ಹಾಕಿದಳು. ಮತ್ತೆ ತಡ. ಆದರೆ ಈಗ ನಕ್ಷೆಯಿತ್ತು. ಹಳದಿ ವಿಮಾನವೊಂದು ಊರಿನ ಮೇಲೆಯೇ ಬಂದು, ಇಳಿಯಲು ಅಪ್ಪಣೆ ಸಿಗದೆ, ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. ಎಷ್ಟು ಹೊತ್ತು ಸುತ್ತಬಹುದು? ಇಂಧನ ಎಷ್ಟಿರುತ್ತದೆ? ಈ ಲೆಕ್ಕ ಯಾಕೆ ಹಾಕುತ್ತಿದ್ದೇನೆಂದು ಹೊಳೆದಾಗ ಅವಳು ಫೋನನ್ನು ತೊಡೆಯ ಮೇಲೆ ಮಗುಚಿಟ್ಟಳು. ಅದರಲ್ಲಿ ಹಸುಗೂಸುಗಳೂ ಇರುತ್ತವೆ. ಅಂಥದ್ದನ್ನು ಬಯಸುವವಳು ತಾನಲ್ಲ. ಸುಮ್ಮನೆ ಹೀಗೇ ಸುತ್ತುತ್ತಿರಲಿ, ಅಷ್ಟೇ.

"ಯಾರು ಬರ್ತಿರೋದು, ಮೇಡಂ?" ಡ್ರೈವರ್ ಕೇಳಿದ.

"ಮನೆಯವರು."

"ಹೆದರ್ಬೇಡಿ. ಮೇಲೆ ಹೋದದ್ದು ಕೆಳಗೆ ಇಳೀಲೇಬೇಕಲ್ಲ."

ತುಸು ದೂರ ಹೋದ ಮೇಲೆ ಅವಳು, "ಇಲ್ಲೇ ನಿಲ್ಸಿ" ಎಂದಳು.

"ಇದು ಆಸ್ಪತ್ರೆ, ಮೇಡಂ. ಏರ್‌ಪೋರ್ಟ್ ಇನ್ನೂ ದೂರ ಇದೆ."

"ಇಲ್ಲೇ."

ರಜೆಯ ದಿನ, ಅವಳ ವಿಭಾಗದಲ್ಲಿ ಯಾರೂ ಇರಲಿಲ್ಲ. ಬೀಗ ತೆಗೆದು, ಅಭ್ಯಾಸಬಲದಿಂದ ಪರೀಕ್ಷೆಯ ಯಂತ್ರ ಚಾಲೂ ಮಾಡಿ, ಶಬ್ದ ನುಸುಳದ ಸಣ್ಣ ಕೋಣೆಯೊಳಗೆ ಹೋಗಿ ದಪ್ಪ ಬಾಗಿಲು ಎಳೆದುಕೊಂಡಳು. ಇಷ್ಟು ವರ್ಷದಲ್ಲಿ ಮೊದಲ ಸಲ ರೋಗಿಯ ಕುರ್ಚಿಯಲ್ಲಿ ಕೂತಳು. ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ನಕ್ಷೆಯ ಮೇಲೆ ವಿಮಾನ ನಿಂತಲ್ಲೇ ನಿಂತಿತ್ತು.

ತಾನು ಗೇಟಿನ ಬಳಿ ಇರುವುದಿಲ್ಲ. ಇವತ್ತು ಆ ಮನೆಗೂ ಹೋಗುವುದಿಲ್ಲ. ನಾಳೆ? ಅಷ್ಟು ದೂರ ಅವಳು ಯೋಚಿಸಲಿಲ್ಲ. ಇದನ್ನು ಹೇಳಬೇಕಾದವರೂ ಯಾರೂ ನೆನಪಾಗಲಿಲ್ಲ.

ಪರೀಕ್ಷೆಗೆ ಬಂದವರು ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕಾದ ಗುಂಡಿ ಅಲ್ಲೇ ನೇತಾಡುತ್ತಿತ್ತು. ಅಂಜಿದವರು ಯಾವ ಸದ್ದೂ ಇಲ್ಲದಿದ್ದರೂ ಒತ್ತುತ್ತಾರೆ. ಅವಳು ಅದನ್ನು ಕೈಗೆತ್ತಿಕೊಂಡಳು. ಎಲ್ಲೋ ಬಹಳ ಮೇಲಿನಿಂದ ಏನೋ ಇಳಿಯುತ್ತಿರುವ ಸದ್ದು. ಒತ್ತಿದಳು. ಮತ್ತೆ ಒತ್ತಿದಳು.

ಗಾಜಿನ ಕಿಟಕಿಯಾಚೆ, ಅವಳು ದಿನಾ ಕೂರುವ ಖಾಲಿ ಕುರ್ಚಿಯ ಮುಂದೆ, ಯಂತ್ರದ ಸಣ್ಣ ಕೆಂಪು ದೀಪ ಹತ್ತಿ ಆರಿತು, ಹತ್ತಿ ಆರಿತು.